ಜೋರಾಗಿ ಓದುತ್ತಿದ್ದವನು

ಚಿರುತಳ ಬಾಯಿಗೆ ಯಮುನ ತನ್ನ ಸೆರಗನ್ನೇ ಒತ್ತಿ ಹಿಡಿದಳು.

"ನಿನ್ನ ಕಾಲು ಹಿಡೀತೇನೆ ತಂಗೀ, ಮಲೆಯಾಳದಲ್ಲಿ ಮಾತ್ರ ಅಳಬೇಡ. ಅಂಗಳ ತುಂಬ ಜನ ಇದ್ದಾರೆ."

ಎಸ್ಟೇಟಿಗೆ ಕೊಯ್ಲಿಗೆಂದು ಬಂದುಹೋಗುತ್ತಿದ್ದ ಚಿರುತಳಿಗೆ ಕನ್ನಡ ತಿಳಿಯುತ್ತಿತ್ತು. ತಲೆಯಾಡಿಸಿದಳು. ಜ್ವರ ಏರಿದಾಗ ಯಮುನಳ ಗಂಡ ಸಾಂತಪ್ಪನೇ ತನ್ನ ತಂಗಿಯಾದ ಇವಳಿಗೆ ಗುಟ್ಟಾಗಿ ಹೇಳಿಕಳಿಸಿದ್ದ. ಗಡಿಯ ಮಾಕುಟ್ಟದ ಕಾಡು ದಾಟಿ, ನಡೆದು ನಡೆದು ಅವಳು ನಾಪೋಕ್ಲು ಮುಟ್ಟುವಷ್ಟರಲ್ಲಿ ಹೆಣಕ್ಕೆ ಸ್ನಾನವೂ ಆಗಿತ್ತು.

ಗದ್ದೆಯಂಚಿನಲ್ಲಿ ಗುಂಡಿ ತೋಡುತ್ತಿದ್ದರು. ಜಾಗ ಅಂಗಡಿಯ ದೇರಪ್ಪನದು. "ನಮ್ಮವನೇ ಅಲ್ಲವಾ" ಎಂದು ಅವನಾಗಿಯೇ ಕೊಟ್ಟಿದ್ದ.

ನಮ್ಮವನಂತೆ! ಸಾಂತಪ್ಪ ಮಲಬಾರಿನಲ್ಲಿ ಹುಟ್ಟಿದ ಚಾತ್ತು ಎಂಬುದು ಊರಿನಲ್ಲಿ ಯಮುನಳೊಬ್ಬಳಿಗೇ ಗೊತ್ತು. ಬೇರೆಯವರಿಗೆ ಗೊತ್ತಾದರೆ ಅವನಿಗೆ ಗುಂಡಿಯೂ ಇಲ್ಲ, ಅವಳಿಗೆ ಮನೆಯೂ ಇಲ್ಲ. ಗಂಡ ಸತ್ತ ದುಃಖಕ್ಕಿಂತ ಆ ಹೆದರಿಕೆಯೇ ಎದೆಯಲ್ಲಿ ಕೂತಿತ್ತು.

*

ಶನಿವಾರ ಶನಿವಾರ ಮಡಿಕೇರಿಯಿಂದ ಪತ್ರಿಕೆ ಬರುತ್ತಿತ್ತು. ದೇರಪ್ಪನ ಜಗಲಿಯಲ್ಲಿ ಅದನ್ನು ಓದಿ ಹೇಳುವವನು ಸಾಂತಪ್ಪ.

"ಘಟ್ಟ ಹತ್ತಿ ಬಂದ ಮಲೆಯಾಳಿಗಳು ಕಾಲರಾ ತಂದರು! ದೊರೆಗಳ ಎಸ್ಟೇಟಿನ ಕೆಲಸವನ್ನೆಲ್ಲ ಕಿತ್ತುಕೊಂಡರು! ಇವರನ್ನು ಗಡಿಯಾಚೆ ಅಟ್ಟಬೇಕು!"

ಜನ ತಲೆದೂಗುತ್ತಿದ್ದರು. ಕಳೆದ ಬೇಸಗೆಯಲ್ಲಿ ಅದನ್ನು ಕೇಳಿ ಎದ್ದುಹೋದವರೇ ಕೂಲಿಯಾಳುಗಳ ಎರಡು ಗುಡಿಸಲಿಗೆ ಬೆಂಕಿ ಇಟ್ಟರು.

"ನೀವೇ ಯಾಕೆ ಅಷ್ಟು ಜೋರಾಗಿ ಓದುವುದು?" ಅಂದು ಯಮುನ ಕೇಳಿದ್ದಳು.

"ಮೆಲ್ಲಗೆ ಓದಿದರೆ ನನ್ನ ಮುಖ ನೋಡ್ತಾರೆ ಮಾರಾಯ್ತಿ." ಆ ರಾತ್ರಿ ಅವನು ಊಟ ಮಾಡಲಿಲ್ಲ.

*

ಹೆಣದ ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಚಿರುತ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಸರದಿ ಬಂದಾಗ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಗ್ಗಿದಳು. ಅಣ್ಣನ ಮುಖ ಕಂಡದ್ದೇ ಕಂಡದ್ದು, ತಡೆಯಲಾಗಲಿಲ್ಲ.

"ಎಂಡೆ ಏಟ್ಟಾ! ಚಾತ್ತುವೇಟ್ಟಾ!"

ಗದ್ದೆಯಂಚಿನ ಗುದ್ದಲಿಯ ಸದ್ದು ನಿಂತಿತು.

"ಅಣ್ಣ ಅಂತಾಳಲ್ಲ ಇವಳು?" ದೇರಪ್ಪ ಕೇಳಿದ. "ಯಾರು ಯಮುನಕ್ಕಾ ಇದು? ಚಾತ್ತು ಅಂದರೆ ಯಾರು?"

ಅಂಗಳದ ಜನರೆಲ್ಲ ಯಮುನಳನ್ನೇ ನೋಡುತ್ತಿದ್ದರು.

"ಗೊತ್ತಿಲ್ಲಪ್ಪ. ಮನೆ ತಪ್ಪಿ ಬಂದವಳೋ ಏನೋ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

"ನೋಡಿ! ನಮ್ಮ ಸಾಂತಪ್ಪ ಓದ್ತಿದ್ದದ್ದು ಸುಳ್ಳಾ?" ದೇರಪ್ಪ ಅಂಗಳದ ಕಡೆ ತಿರುಗಿದ. "ಸಾವಿನ ಮನೆಗೂ ನುಗ್ತಾರಲ್ಲ ಇವರು! ಏ, ನಡಿ ಇಲ್ಲಿಂದ."

ಚಿರುತ ಅಳು ನಿಲ್ಲಿಸಿದಳು. ಯಮುನಳನ್ನು ಒಮ್ಮೆ ನೋಡಿ ಮೆಟ್ಟಿಲಿಳಿದಳು. ಜನ ಸರಿದು ದಾರಿ ಬಿಟ್ಟರು.

ಗುದ್ದಲಿ ಮತ್ತೆ ನೆಲಕ್ಕೆ ಬಿತ್ತು. ಗದ್ದೆಯ ಬದುವಿನ ಮೇಲೆ ಅವಳು ಹೋಗುತ್ತಿದ್ದಳು, ಅಣ್ಣನ ಬಾಯಿಗೆ ಬೀಳದ ಅಕ್ಕಿಯ ಮುಷ್ಟಿಯನ್ನು ಇನ್ನೂ ಬಿಗಿಹಿಡಿದುಕೊಂಡು.