ನೋಡಿಕೊಳ್ಳುವವರ ಹೆಸರು

ಮುನಿರಾಮಯ್ಯನವರ ಚಟ್ಟಕ್ಕೆ ಹೆಗಲು ಬದಲಿಸುವಾಗ ಗೋಪೀನಾಥನ ಕಾಲು ತಡವರಿಸಿತು. ಬಾಪೂಜಿ ನಗರದ ಓಣಿ ಮೊದಲೇ ಇಕ್ಕಟ್ಟು. ಮೇಲಾಗಿ ಅವನ ಮನಸ್ಸು ರಾಜಾಜಿನಗರದ ಆಫೀಸಿನಲ್ಲಿತ್ತು. ಸಂಜೆ ಐದಕ್ಕೆ ಕಂಪ್ಯೂಟರ್ ಪ್ರೋಗ್ರಾಮುಗಳ ಹೊಸ ಟೇಪು ಬೇರೆ ಊರುಗಳಿಗೆ ಹೊರಡಬೇಕು. ಮುನಿರಾಮಯ್ಯನವರು ನೋಡಿಕೊಳ್ಳುತ್ತಿದ್ದ ಎಡಿಟರ್, ಬರಹ ತಿದ್ದುವ ಹಳೆಯ ಪ್ರೋಗ್ರಾಮು, ಅದರಲ್ಲಿರಲಿಲ್ಲ. ನಿನ್ನೆ ಅವರ ಸಾವಿನ ಸುದ್ದಿ ಬಂದ ಗಂಟೆಯೊಳಗೆ ಅವನೇ ಅದನ್ನು ತೆಗೆದುಹಾಕಿದ್ದ.

"ಹದಿನೆಂಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ವಿ ಕಣಪ್ಪ," ಎಂದರು ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಬೈರಪ್ಪ. "ಒಂದಿನ ಯಾರ ಮೇಲೂ ರೇಗಿದೋರಲ್ಲ."

"ನನ್ನ ಮೇಲೆ ರೇಗಿದ್ರು ಸಾರ್."

*

ಅವರ ಆಫೀಸಿನ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗೆ ಒಡೆಯನೆಂಬುವನಿರಲಿಲ್ಲ. ಅದರ ಪ್ರೋಗ್ರಾಮುಗಳ ಒಳಗಿನ ಬರಹವೆಲ್ಲ ಟೇಪಿನಲ್ಲೇ ಬರುತ್ತಿತ್ತು. ಯಾರಾದರೂ ಓದಬಹುದು, ತಿದ್ದಬಹುದು, ಮುಂದಿನ ಊರಿಗೆ ದಾಟಿಸಬಹುದು. ಒಂದೇ ಕಟ್ಟಳೆ: ಪ್ರತಿ ಪ್ರೋಗ್ರಾಮಿನ ಎದುರು ಅದನ್ನು ನೋಡಿಕೊಳ್ಳುವವರ ಹೆಸರಿರಬೇಕು. ಹೆಸರಿಲ್ಲದ್ದಕ್ಕೆ ಮುಂದಿನ ಟೇಪಿನಲ್ಲಿ ಜಾಗವಿಲ್ಲ.

"ಒಂದೊಂದೇ ಸಾಲು ತಿದ್ದೋ ಎಡಿಟರ್ ಈಗ ಯಾರಿಗೆ ಬೇಕು ಸಾರ್? ಹೊಸದರಲ್ಲಿ ಇಡೀ ಪುಟ ಸ್ಕ್ರೀನ್ ಮೇಲೆ ಕಾಣುತ್ತೆ," ಎಂದಿದ್ದ ಗೋಪೀನಾಥ, ಹೋದ ಯುಗಾದಿಯ ಹೊತ್ತಿಗೆ.

"ಸ್ಕ್ರೀನ್ ಇಲ್ದೋರು?"

"ಎಂಬತ್ತೆಂಟನೇ ಇಸವೀಲಿ ಯಾರಿದಾರೆ ಅಂಥೋರು?"

ಮುನಿರಾಮಯ್ಯ ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿದರು. "ನಿನಗೆ ಕಾಣದೋರೆಲ್ಲ ಇಲ್ಲದೋರೇನೋ? ಟೇಪು ಹೋಗೋ ಎಲ್ಲಾ ಕಡೆಗೂ ಕಾಗದ ಬರೆದು ಕೇಳು. ಆಮೇಲೆ ಮಾತಾಡು."

ಗೋಪೀನಾಥ ಬರೆಯಲಿಲ್ಲ. ಮುದುಕರ ಹಟ ಎಂದುಕೊಂಡು ಸುಮ್ಮನಾದ.

*

ಗುಂಡಿಗೆ ಮಣ್ಣು ಹಾಕಿ ಹೊರಬಂದಾಗ ಸ್ಮಶಾನದ ಗೇಟಿನಾಚೆ ನಲವತ್ತರ ಹೆಂಗಸೊಬ್ಬಳು ನಿಂತಿದ್ದಳು.

"ಆಫೀಸಿನವರಾ ಸಾರ್? ನಾನು ಪಾಪಮ್ಮ, ಕೆಂಗೇರಿ ತರಬೇತಿ ಶಾಲೆ ಟೈಪಿಸ್ಟು. ಎರಡನೇ ಶನಿವಾರ, ರಜಾ ದಿನಾನೂ ನಮ್ಮಲ್ಲಿಗೆ ಬರ್ತಿದ್ರು ಅವರು. ನಮ್ಮ ಹಳೇ ಮಿಷಿನ್ನಿಗೆ ಸ್ಕ್ರೀನಿಲ್ಲ, ಹೊಡೆದದ್ದು ಕಾಗದದ ಮೇಲೇ ಬೀಳುತ್ತೆ. ಅವರ ಎಡಿಟರ್ ಒಂದೇ ಅದರಲ್ಲಿ ನಡೆಯೋದು. ಇನ್ಮೇಲೆ ಯಾರು ನೋಡ್ಕೋತಾರೆ ಸಾರ್?"

ಗೋಪೀನಾಥನಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು. ಗುಂಡಿಯ ಹತ್ತಿರ ಬಾರದಿದ್ದ ಅಳು ಈಗ ಬಂತು.

"ನೋಡ್ಕೊಳ್ಳೋರಿಲ್ಲ ಅಂತ ತೆಗೆದುಬಿಟ್ಟೆ," ಎಂದ.

ಪಾಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ನನ್ನ ಹೆಸರು ಹಾಕ್ಕೊಳ್ಳಿ," ಎಂದಳು.

"ಅದರೊಳಗಿನದ್ದನ್ನ ತಿದ್ದೋಕೆ ಬರಬೇಕಮ್ಮ."

"ಹೋದ ವರ್ಷ ಅದರಲ್ಲಿದ್ದ ತಪ್ಪು ತಿದ್ದಿದ್ದು ನಾನೇ ಸಾರ್. ಅವರು ಪಕ್ಕದಲ್ಲಿ ಕೂತು ಕಾಫಿ ಕುಡೀತಿದ್ರು, ಅಷ್ಟೇ."

ಬೈರಪ್ಪ ಗಡಿಯಾರ ನೋಡಿದರು. ಎರಡೂವರೆ. ಟೇಪು ಹೊರಡುವುದು ಐದಕ್ಕೆ. ನೋಡಿಕೊಳ್ಳುವವರ ಪಟ್ಟಿಗೆ ಪೂರ್ತಿ ಹೆಸರು, ವಿಳಾಸ ಬೇಕು. ಗೋಪೀನಾಥನ ಜೇಬಿನಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಅವಳು ಹೇಳಿದ್ದನ್ನು ಎಡ ಅಂಗೈಗೆ ಬರೆದುಕೊಳ್ಳಲು ಹೋದ. ಅಂಗೈಗೆ ಅಂಟಿದ್ದ ಹಸಿ ಮಣ್ಣಿನ ಮೇಲೆ ಪೆನ್ನು ನಡೆಯಲಿಲ್ಲ. ಪ್ಯಾಂಟಿಗೆ ಕೈ ಒರೆಸಿಕೊಂಡು, ಒತ್ತಿ ಒತ್ತಿ ಬರೆದುಕೊಂಡ.

"ಕೈಕಾಲಾದ್ರೂ ತೊಳ್ಕೊಂಡು ಹೋಗೋ," ಎಂದರು ಬೈರಪ್ಪ.

ಗೇಟಿನ ನಲ್ಲಿಯಲ್ಲಿ ಎಲ್ಲರೂ ತೊಳೆದುಕೊಂಡರು. ಗೋಪೀನಾಥ ಕಾಲು ತೊಳೆದ, ಬಲಗೈ ತೊಳೆದ. ಎಡಗೈಗೆ ಒಂದು ಹನಿಯೂ ತಾಗದಂತೆ ಮೇಲೆತ್ತಿ ಹಿಡಿದು, ಮೈಸೂರು ರಸ್ತೆಯ ಬಸ್ಸಿನ ಕಡೆ ಓಡಿದ.