ಎಡಗಾಲಿನ ಪಟ್ಟಿ

ಪಟ್ಟಿ ಎಡ ಮೊಣಕಾಲಿಗಿತ್ತು. ಹಾಗಾದರೆ ಪೆಟ್ಟು ಬಲಗಾಲಿಗೆ.

ಇದನ್ನು ಕಂಡುಹಿಡಿಯಲು ಅಣವೀರಪ್ಪನಿಗೆ ಎರಡು ನಿಮಿಷ ಕೂಡ ಬೇಕಾಗಲಿಲ್ಲ. ವಿಲೆ ಪಾರ್ಲೆಯ ಕಾಲೇಜು ಮೈದಾನದ ಅಂಚಿನಲ್ಲಿ, ಮಳೆಗೆ ನೆನೆದ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತು, ಅವನು ಹಾಶಿಮನೆಂಬ ಹುಡುಗನ ಕಾಲುಗಳನ್ನೇ ನೋಡುತ್ತಿದ್ದ. ಕಂಪನಿ ಅವನನ್ನು ಕಳಿಸಿದ್ದೂ ಅದಕ್ಕೇ. ಪರೇಲಿನ ಬಟ್ಟೆ ಗಿರಣಿಯೊಂದರ ವೆಲ್‌ಫೇರ್ ಆಫೀಸಿನಲ್ಲಿ ಅವನು ಗುಮಾಸ್ತ. ಗಿರಣಿಯ ಫುಟ್‌ಬಾಲ್ ಟೀಮಿಗೆ ಪ್ರತಿ ಮಳೆಗಾಲವೂ ಕಾಲೇಜು ಹುಡುಗನೊಬ್ಬನನ್ನು ಆರಿಸುತ್ತಿದ್ದರು. ಆರಿಸಿದವನಿಗೆ ಗಿರಣಿಯಲ್ಲಿ ಪರ್ಮನೆಂಟ್ ನೌಕರಿ. ಇಷ್ಟು ವರ್ಷ ಆರಿಸುತ್ತಿದ್ದ ಕೋಚ್ ರೆಬೆಲ್ಲೊ ರಿಟೈರ್ ಆಗಿ ಗೋವೆಗೆ ಹೋದದ್ದರಿಂದ ಈ ಸಲ ಆ ಕೆಲಸ ಅಣವೀರಪ್ಪನ ತಲೆಗೆ ಬಂದಿತ್ತು.

ಆಟಗಾರರ ಹಳೆಯ ಉಪಾಯ ಅದು. ಒಂದು ಮೊಣಕಾಲು ಕೆಟ್ಟರೆ ಪಟ್ಟಿಯನ್ನು ಗಟ್ಟಿಯಿರುವ ಇನ್ನೊಂದಕ್ಕೆ ಕಟ್ಟುವುದು. ಎದುರಾಳಿ ಒದೆಯುವುದು ಪಟ್ಟಿ ಕಂಡಲ್ಲಿ. ಗಟ್ಟಿ ಕಾಲು ಒದೆ ತಿನ್ನುತ್ತದೆ, ಕೆಟ್ಟ ಕಾಲು ಬದುಕಿಕೊಳ್ಳುತ್ತದೆ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಹದಿನಾಲ್ಕು ವರ್ಷಗಳ ಹಿಂದೆ, ೧೯೫೭ರಲ್ಲಿ, ಇದೇ ಗಿರಣಿಯ ರೆಬೆಲ್ಲೊ ನೋಡಲು ಬಂದಾಗ ಅಣವೀರಪ್ಪನೂ ಹೀಗೇ ಕಟ್ಟಿಕೊಂಡು ಆಡಿದ್ದ.

ಹಾಶಿಮ ಹಾಫ್ ಬ್ಯಾಕ್. ಗೋಲು ಹೊಡೆಯುವವನಲ್ಲ, ಗೋಲು ಕಾಯುವವನೂ ಅಲ್ಲ. ನಡುವೆ ನಿಂತು ಬಂದದ್ದನ್ನು ತಡೆದು, ತಡೆದದ್ದನ್ನು ಮುಂದಿನವನಿಗೆ ಕೊಟ್ಟು, ಮತ್ತೆ ತನ್ನ ಜಾಗಕ್ಕೆ ಮರಳುವವನು. ಚಪ್ಪಾಳೆ ಬೇರೆಯವರಿಗೆ. ಆದರೆ ಹುಡುಗ ಆಡುತ್ತಿದ್ದ ರೀತಿ ನೋಡಿ ಅಣವೀರಪ್ಪ ಬೆಂಚಿನ ತುದಿಗೆ ಸರಿದು ಕೂತ. ಚೆಂಡು ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರುತ್ತಿತ್ತು. ಕೆಸರಿನಲ್ಲಿ ಎಲ್ಲರೂ ಜಾರುವಾಗ ಇವನೊಬ್ಬ ತನ್ನ ಅಂಗಳದಲ್ಲಿದ್ದವನ ಹಾಗೆ ತಿರುಗುತ್ತಿದ್ದ. ಅಣವೀರಪ್ಪನಿಗೆ ಸಂತೋಷವಾಯಿತು. ಆಮೇಲೆ ಸಂತೋಷವಾದದ್ದಕ್ಕೆ ಸಿಟ್ಟು ಬಂತು.

ಜೇಬಿನಿಂದ ಫಾರಂ ತೆಗೆದ. ಹತ್ತು ಕಾಲಂ. ಎತ್ತರ, ತೂಕ, ಓಟ, ತಲೆಯಿಂದ ಚೆಂಡು ಹೊಡೆಯುವುದು, ಸ್ವಭಾವ. ಎಂಟು ಕಾಲಂ ಬೇಗ ತುಂಬಿದವು. ಒಂಬತ್ತನೆಯದು ಮೊಣಕಾಲು. ಹತ್ತನೆಯದು ಶಿಫಾರಸು. ಎರಡನ್ನೂ ಬಿಟ್ಟು ಪೆನ್ನು ಮುಚ್ಚಿದ. ಸೋಮವಾರ ಹತ್ತು ಗಂಟೆಗೆ ಫಾರಂ ಮ್ಯಾನೇಜರರ ಮೇಜಿನ ಮೇಲಿರಬೇಕು.

ಬೆಳಿಗ್ಗೆ ಆಫೀಸಿನಲ್ಲಿ ಈ ಖಾಲಿ ಫಾರಮ್ಮಿಗಾಗಿ ರೆಬೆಲ್ಲೊನ ಕಪಾಟು ತೆರೆಯದಿದ್ದರೆ ಇಷ್ಟೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಫಾರಮ್ಮುಗಳ ಕೆಳಗೆ ಹಳೆಯ ಫೈಲುಗಳಿದ್ದವು. ೧೯೫೭ರದನ್ನು ಅವನು ಬೇಕೆಂದೇ ತೆಗೆದ. ತನ್ನ ಜಾಣತನ ಸರಕಾರಿ ಕಾಗದದಂತೆ ದಾಖಲಾದದ್ದನ್ನು ನೋಡುವ ಆಸೆ. 'ಮೊಣಕಾಲು ಸರಿಯಿದೆ' ಎಂದು ರೆಬೆಲ್ಲೊ ಬರೆದದ್ದನ್ನು ಓದಿ ಒಮ್ಮೆ ನಗಬೇಕೆಂದಿದ್ದ.

ರೆಬೆಲ್ಲೊನ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿತ್ತು: 'ಬಲಗಾಲು ಹೋಗಿದೆ. ಎಡಕ್ಕೆ ಪಟ್ಟಿ ಕಟ್ಟಿ ಮುಚ್ಚಿಡುತ್ತಾನೆ. ಎರಡು ಸೀಸನ್ನಿಗೆ ಅಡ್ಡಿಯಿಲ್ಲ. ಅಕ್ಷರ ದುಂಡಗಿದೆ, ಆಮೇಲೆ ಗುಮಾಸ್ತಿಕೆಗೆ ಆದೀತು.'

ಅವನು ಎರಡೇ ಸೀಸನ್ ಆಡಿದ್ದ. ಎರಡನೆಯದರ ಕೊನೆಯಲ್ಲಿ, ಯಾರೂ ಮುಟ್ಟದೆ, ಬರೀ ತಿರುಗುವಾಗ ಮೊಣಕಾಲು ಕಳಚಿತ್ತು. ಹಣೆಬರಹ ಎಂದುಕೊಂಡಿದ್ದ. ಹಣೆಬರಹವನ್ನು ರೆಬೆಲ್ಲೊ ಎರಡು ವರ್ಷ ಮೊದಲೇ ಬರೆದು ಫೈಲಿಗೆ ಹಾಕಿದ್ದ.

ಅಣವೀರಪ್ಪನ ಹತ್ತಿರ ಹೇಳಿಕೊಳ್ಳಲು ಒಂದೇ ಕಥೆ ಇತ್ತು: ಗದಗಿನಿಂದ ಬಂದು ಇಲ್ಲಿ ಬಿ.ಎ. ಓದುತ್ತಿದ್ದ ಹುಡುಗ ಮುಂಬಯಿಯ ಕೋಚನಿಗೆ ಟೋಪಿ ಹಾಕಿದ ಕಥೆ. ಹೆಂಡತಿ ಇಂದ್ರಾಬಾಯಿ ಮದುವೆಯಾದ ವರ್ಷ ಅದನ್ನು ಕೇಳಿ ನಕ್ಕಿದ್ದಳು. ಈಚೆಗೆ ಕಥೆ ಶುರುವಾದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ಇವತ್ತು ಮುಂಜಾನೆ ಕೂಡ, ಮೈದಾನಕ್ಕೆಂದು ಅವನು ಬೂಟಿಗೆ ಪಾಲಿಶ್ ಹಾಕುವಾಗ, "ಕುಂಟನಿಗೆ ಎಂಟು ಚೇಷ್ಟಿ," ಅಂದಿದ್ದಳು. ಅವನಿಗೆ ಬೇಸರವಾಗಿರಲಿಲ್ಲ. ಆಗ ಆ ಕಥೆ ಇನ್ನೂ ಅವನದಾಗಿತ್ತು.

ಹಾಫ್ ಟೈಮಿಗೆ ಶಿಳ್ಳೆಯಾಯಿತು. ಕೊಡೆ ಮಡಚುತ್ತ ಒಬ್ಬ ಮುದುಕ ಬೆಂಚಿನ ಹತ್ತಿರ ಬಂದು ನಿಂತ. ಬಿಳಿ ಗಡ್ಡ, ಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು.

"ನಾ ನಬೀಸಾಬ್ರಿ. ಹಾಶಿಮನ ಅಪ್ಪ. ಕುರ್ಲಾದಾಗ ಗಾದಿ ಹೊಲೀತೀನ್ರಿ. ನೀವು ನಮ್ಮ ಕಡೆಯವರಂತ ಕೇಳಿದೆ."

"ಗದಗ."

"ನಮ್ದು ಇಂಡಿ ರೀ, ಬಿಜಾಪುರ ಜಿಲ್ಲಾ." ಕೂಡಲೋ ಬೇಡವೋ ಎಂದು ಬೆಂಚು ನೋಡಿ, ನಿಂತೇ ಉಳಿದ. "ಹುಡುಗ ಹೆಂಗ್ರಿ?"

"ಆಡ್ತಾನ."

"ಆಡ್ತಾನ್ರಿ. ಸಣ್ಣಾಂವ ಇದ್ದಾಗಿಂದ ಅದೇ." ಮುದುಕ ಮೈದಾನದ ಕಡೆ ನೋಡಿದ. "ನಂಗ ಈಗ ಸೂಜಿಗೆ ದಾರ ಪೋಣಿಸಾಕ ಆಗೂದಿಲ್ರಿ. ಅವರವ್ವ ಪೋಣಿಸಿ ಕೊಡ್ತಾಳ. ಇಂವಾ ಒಂದ್ ಕಡೆ ಹತ್ತಿದ್ರ..."

"ಕಾಲಿಗೆ ಏನಾಗೇತಿ?"

"ಯಾವ ಕಾಲ್ರಿ?"

ಅಣವೀರಪ್ಪ ಅವನ ಮುಖ ನೋಡಿದ. ಮುದುಕ ಕೊಡೆಯ ತುದಿಯಿಂದ ಕೆಸರಿನಲ್ಲಿ ಸಣ್ಣ ತೂತು ಮಾಡುತ್ತಿದ್ದ.

"ಪಟ್ಟಿ ಕಟ್ಯಾನಲ್ಲ."

"ಅದೇನಿಲ್ರಿ. ಮಳ್ಯಾಗ ಬೆಚ್ಚಗಿರ್ಲಿ ಅಂತ."

ಏರೋಡ್ರೋಮಿನ ಕಡೆ ಇಳಿಯುವ ವಿಮಾನವೊಂದು ತಲೆಯ ಮೇಲೆಯೇ ಹಾಯಿತು. ಅದರ ಸದ್ದು ಮುಗಿಯುವವರೆಗೆ ಮಾತಾಡದಿರಲು ಇಬ್ಬರಿಗೂ ಒಂದು ನೆಪ ಸಿಕ್ಕಿತು.

ಎರಡನೆಯ ಅರ್ಧದಲ್ಲಿ ಎದುರಾಳಿಗಳು ಪಟ್ಟಿಯನ್ನು ಕಂಡುಕೊಂಡರು. ಮೂರು ಸಲ ಒದ್ದರು. ಹಾಶಿಮ ಮೂರು ಸಲವೂ ಬಿದ್ದ, ಎದ್ದ, ತಪ್ಪದೆ ಎಡಗಾಲು ತಿಕ್ಕಿಕೊಂಡ. ತಿಕ್ಕಿಕೊಳ್ಳುವುದು ಚೆನ್ನಾಗಿತ್ತು, ಅಣವೀರಪ್ಪನಿಗಿಂತ ಚೆನ್ನಾಗಿತ್ತು. ಆದರೆ ಎಡಕ್ಕೆ ತಿರುಗಬೇಕಾದಾಗಲೆಲ್ಲ, ಬಲಗಾಲಿನ ಮೇಲೆ ಭಾರ ಬೀಳುವಾಗ, ಹುಡುಗ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದ. ಅದನ್ನು ನೋಡುವ ಕಣ್ಣು ಆ ಮೈದಾನದಲ್ಲಿ ಒಂದೇ ಜೊತೆ ಇತ್ತು.

'ಸರಿಯಿದೆ' ಎಂದು ಬರೆದರೆ ಹುಡುಗ ಒಳಗೆ ಬರುತ್ತಾನೆ. 'ಹೋಗಿದೆ' ಎಂದು ಬರೆದರೆ ಕುರ್ಲಾದ ವಠಾರದಂಥ ಚಾಳಿಗೆ ಹೋಗಿ ಅಪ್ಪನ ಸೂಜಿಗೆ ದಾರ ಪೋಣಿಸುತ್ತಾನೆ. ಇಷ್ಟೇ ಆಗಿದ್ದರೆ ಅಣವೀರಪ್ಪ ಕಣ್ಣುಮುಚ್ಚಿ 'ಸರಿಯಿದೆ' ಎಂದು ಬರೆಯುತ್ತಿದ್ದ. ಆದರೆ ಬೆಳಗಿನಿಂದ ಮೂರನೆಯ ಒಂದು ವಾಕ್ಯ ತಲೆಯಲ್ಲಿ ಕೂತಿತ್ತು: ಎರಡು ಸೀಸನ್ನಿಗೆ ಅಡ್ಡಿಯಿಲ್ಲ. 'ಸರಿಯಿದೆ' ಎಂದು ಬರೆದರೂ ಕೊನೆಗೆ ಅದನ್ನೇ ಬರೆದಂತೆ ಎಂದು ಅವನಿಗೆ ಅನ್ನಿಸಿತು.

ಆಟ ಮುಗಿದ ಮೇಲೆ ಹಾಶಿಮ ಬೆಂಚಿನ ಬಳಿ ಬಂದ. ಇಪ್ಪತ್ತರ ಹುಡುಗ, ಹುಬ್ಬಿನವರೆಗೆ ಕೆಸರು. ನಬೀಸಾಬ ದೂರದಲ್ಲಿ, ತನಗೆ ಸಂಬಂಧವೇ ಇಲ್ಲದವನಂತೆ ನಿಂತ.

"ಪಟ್ಟಿ ಬಿಚ್ಚು."

ಹಾಶಿಮ ಪಟ್ಟಿ ಬಿಚ್ಚಿ, ನೀರು ಹಿಂಡಿ, ಬೆಂಚಿನ ಮೇಲಿಟ್ಟ. ಎಡಗಾಲನ್ನು ಮುಂದೆ ಚಾಚಿದ.

"ಅದಲ್ಲ."

ಹುಡುಗ ತಂದೆಯ ಕಡೆ ನೋಡಿದ. ಆಮೇಲೆ ಬಲಗಾಲನ್ನು ಮುಂದಿಟ್ಟ.

ಇದು ಮಾತ್ರ ರೆಬೆಲ್ಲೊ ಕಲಿಸಿದ್ದು. ಆಟಗಾರನ ಮೊಣಕಾಲಿನ ಮೇಲೆ ಅಂಗೈಯಿಟ್ಟು, ಅವನನ್ನು ಕೂರಿಸಿ ಏಳಿಸಬೇಕು. ಚಿಪ್ಪಿನ ಒಳಗಿನ ಸದ್ದು ಕೈಗೆ ಕೇಳುತ್ತದೆ. ಅಣವೀರಪ್ಪ ಹುಲ್ಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಂಗೈಯಿಟ್ಟ. "ಕೂಡು," ಅಂದ. ಹಾಶಿಮ ಮೆಲ್ಲಗೆ ಕೂತ. ಅಣವೀರಪ್ಪ ಅವನೊಂದಿಗೆ ಸ್ವಲ್ಪ ಬಾಗಿದ.

ಕಟಕ್ಕನೆ ಸದ್ದಾಯಿತು, ಒಣಗಿದ ಸಜ್ಜೆರೊಟ್ಟಿ ಮುರಿದ ಹಾಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸದ್ದು ಯಾರ ಮೊಣಕಾಲಿನದೆಂದು ಅಣವೀರಪ್ಪನಿಗೆ ಖಾತ್ರಿಯಾಗಲಿಲ್ಲ. ತನ್ನದೂ ಹೀಗೇ ಸದ್ದು ಮಾಡುತ್ತಿತ್ತು, ದಿನಾ ಬೆಳಿಗ್ಗೆ, ಹಾಸಿಗೆಯಿಂದ ಏಳುವಾಗ. "ಇನ್ನೊಮ್ಮೆ," ಅಂದ. ಈ ಸಲ ಮತ್ತೊಂದು ವಿಮಾನ ಇಳಿಯಿತು. ಅಂಗೈಯ ಕೆಳಗೆ ಏನೋ ಅದುರಿದಂತಾಯಿತು. ಅದುರಿದ್ದು ವಿಮಾನದ ಸದ್ದಿಗೂ ಇರಬಹುದು.

"ನೋವು?"

"ನಹೀ, ಸರ್."

"ಎಡಕ್ಕ ಯಾಕ ಕಟ್ತಿ?"

"ಆದತ್ ಐತ್ರಿ, ರೂಢಿ. ಬಸ್."

"ಎರಡ್ ಸೀಸನ್ ಆಡ್ತಿ," ಅಣವೀರಪ್ಪ ಅಂದ. ದನಿ ತಗ್ಗಿಸಿದ್ದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. "ಎರಡೇ. ಆಮ್ಯಾಲೆ ಈ ಕಾಲು ಹೋಗ್ತದ. ಆಮ್ಯಾಲೆ?"

ಇದನ್ನು ಕೇಳಿ ಹುಡುಗ ಬೆಚ್ಚಬೇಕಾಗಿತ್ತು. ಅಣವೀರಪ್ಪ ಕಾದ. ಹದಿನಾಲ್ಕು ವರ್ಷಗಳ ಹಿಂದೆ ಯಾರಾದರೂ ತನಗೆ ಇದನ್ನು ಹೇಳಿದ್ದರೆ ತಾನು ಬೆಚ್ಚುತ್ತಿದ್ದೆ ಎಂದುಕೊಂಡ.

"ಆಮ್ಯಾಲೆ ಟೇಬಲ್ ವರ್ಕ್ ಕೊಡ್ತಾರಂತಲ್ರಿ," ಹಾಶಿಮ ಅಂದ. "ಹಮಾರೆ ಚಾಲ್ ಮೇ ಸಬ್ ಬೋಲ್ತೇ. ಪೈರ್ ಗಯಾ ತೋ ಕುರ್ಸಿ. ಕಾಲು ಹೋದ್ರ ಕುರ್ಚಿ ಅಂತ ಎಲ್ಲಾರೂ ಹೇಳ್ತಾರ್ರಿ."

"ಮತ್ತ ಆಟ?"

ಹಾಶಿಮನಿಗೆ ಪ್ರಶ್ನೆ ತಿಳಿಯಲಿಲ್ಲ. ಕನ್ನಡ ತಿಳಿಯಲಿಲ್ಲವೇನೋ ಎಂದು ಅಣವೀರಪ್ಪ ಹಿಂದಿಯಲ್ಲಿ ಮತ್ತೆ ಕೇಳಿದ. ಹುಡುಗ ಉಗುರಿನಿಂದ ಹುಬ್ಬಿನ ಕೆಸರು ಕೆರೆದ.

"ಖೇಲ್ ಕಾ ಕ್ಯಾ, ಸರ್, ಆಟದ್ದೇನ್ರಿ. ಕುರ್ಸಿ ಪಕ್ಕಾ ಐತೇನ್ರಿ?"

ಆ ಕುರ್ಚಿ ಅಣವೀರಪ್ಪನಿಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷಗಳಿಂದ ಅದರಲ್ಲಿ ಕೂತು, ಮುರಿದುಹೋದ ಆಟಗಾರ ತಾನೆಂದು ಒಳಗೊಳಗೇ ದುಃಖಪಟ್ಟಿದ್ದ. ಆ ದುಃಖವೇ ತನ್ನನ್ನು ಪಕ್ಕದ ಟೇಬಲ್ಲಿನ ಗುಮಾಸ್ತರಿಂದ ಬೇರೆ ಮಾಡುತ್ತದೆಂದು ನಂಬಿದ್ದ. ಈಗ ಈ ಹುಡುಗ, ಮೈದಾನದಲ್ಲಿ ಅಷ್ಟು ಚೆಂದ ತಿರುಗಿದ ಈ ಹುಡುಗ, ಆ ಕುರ್ಚಿಯನ್ನೇ ಗೋಲುಕಂಬದ ಹಾಗೆ ನೋಡುತ್ತಿದ್ದಾನೆ. ಅಣವೀರಪ್ಪನಿಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಜೊತೆಗೇ ಹೊಟ್ಟೆಕಿಚ್ಚಾಯಿತು.

"ಸೋಮವಾರ ನೋಡೋಣು," ಅಂದು ಎದ್ದ. ಏಳುವಾಗ ಬೆಂಚು ಹಿಡಿದುಕೊಂಡ. ಹಾಶಿಮ ಅದನ್ನು ನೋಡಿದ, ನೋಡಿ ಬೇರೆ ಕಡೆ ಮುಖ ತಿರುಗಿಸಿದ.

ನಬೀಸಾಬ ಕೊಡೆ ಕಂಕುಳಲ್ಲಿಟ್ಟು ಎರಡೂ ಕೈ ಜೋಡಿಸಿದ. ತಂದೆ ಮಗ ಗೇಟು ದಾಟುವವರೆಗೆ ಹುಡುಗ ನೇರವಾಗಿ ನಡೆದ. ದಾಟಿದ ಮೇಲೆ ತಂದೆಯ ಹೆಗಲಿಗೆ ಕೈ ಹಾಕಿದ. ಪಟ್ಟಿ ಬೆಂಚಿನ ಮೇಲೆಯೇ ಉಳಿದಿತ್ತು. ಕೂಗಿ ಕರೆಯದೆ ಅಣವೀರಪ್ಪ ಅದನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ.

ದಾದರಿನಲ್ಲಿ ಗಾಡಿ ಬದಲಿಸಿದ. ಘಾಟ್ಕೋಪರ್ ಲೋಕಲಿನಲ್ಲಿ ಸೀಟು ಸಿಕ್ಕಿತು. ಫಾರಂ ತೊಡೆಯ ಮೇಲಿಟ್ಟು ಪೆನ್ನು ತೆರೆದ. ಒಂಬತ್ತನೆಯ ಕಾಲಮ್ಮಿನ ಹತ್ತಿರ ಶಾಯಿಯ ಒಂದು ಚುಕ್ಕೆ ಬಿತ್ತು, ಗಾಡಿಯ ಕುಲುಕಿಗೆ. ಕುರ್ಲಾ ಬಂತು. ಹಾಶಿಮನ ಚಾಳು ಇಲ್ಲೇ ಎಲ್ಲೋ. ಆ ಮನೆಯಲ್ಲಿ ಈಗ ಸೋಮವಾರದ ಮಾತು ನಡೆದಿರಬೇಕು. ಅಣವೀರಪ್ಪ ಫಾರಂ ಮಡಚಿ ಜೇಬಿಗಿಟ್ಟ.

ಘಾಟ್ಕೋಪರಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ. ಮನೆಗೆ ಹೋದರೆ ಇಂದ್ರಾಬಾಯಿ ಹೇಗಾಯಿತೆಂದು ಕೇಳುತ್ತಾಳೆ. ಹೇಳಲು ಅವನ ಹತ್ತಿರ ಇನ್ನು ಕಥೆಯಿಲ್ಲ. ಎದುರಿನ ಮೇಲ್ಸೇತುವೆಯ ಮೆಟ್ಟಿಲುಗಳಲ್ಲಿ ಸಂಜೆಯ ಜನ ಒತ್ತೊತ್ತಾಗಿ ಏರುತ್ತಿದ್ದರು, ಇಳಿಯುತ್ತಿದ್ದರು. ದಿನವೂ ಈ ಮೆಟ್ಟಿಲುಗಳನ್ನು ಕುಂಟು ಕಾಣದಂತೆ ಹತ್ತುವುದಕ್ಕೆ ಅವನು ಎಷ್ಟು ಕಷ್ಟಪಡುತ್ತಿದ್ದ.

ಚೀಲದಿಂದ ಪಟ್ಟಿ ತೆಗೆದ. ಅದಿನ್ನೂ ಹಸಿಯಾಗಿತ್ತು. ಗಟ್ಟಿಯಿದ್ದ ಎಡ ಮೊಣಕಾಲಿಗೆ, ಪ್ಯಾಂಟಿನ ಮೇಲೆಯೇ, ಮೂರು ಸುತ್ತು ಬಿಗಿದು ಗಂಟು ಹಾಕಿದ. ಕೈ ಮರೆತಿರಲಿಲ್ಲ. ಎದ್ದು ಜನರೊಳಗೆ ನುಗ್ಗಿ ಮೆಟ್ಟಿಲು ಹತ್ತತೊಡಗಿದ. ಒಬ್ಬನಾದರೂ ಮೋಸಹೋಗಲಿ ಎಂದು ಅವನ ಮನಸ್ಸು ಬೇಡುತ್ತಿತ್ತು.

ಅರ್ಧ ಹತ್ತಿ, ನಡುಮೆಟ್ಟಿಲಲ್ಲಿ, ಎಡಗಾಲನ್ನು ಮುಂದೆ ಚಾಚಿ ನಿಂತ. ಮೇಲಿನಿಂದ ಇಳಿಯುವ ಜನ ಅವನ ಹತ್ತಿರ ಬಂದು ಎರಡಾಗಿ ಸೀಳಿಕೊಂಡು, ದಾಟಿ, ಮತ್ತೆ ಒಂದಾಗಿ ಹೋಗುತ್ತಿದ್ದರು. ಯಾರೂ ಕಾಲಿನ ಕಡೆ ನೋಡಲಿಲ್ಲ. ಅಣವೀರಪ್ಪ ಹಲ್ಲು ಕಚ್ಚಿ, ಒದೆಗಾಗಿ ಕಾಯುತ್ತ, ಕಾಲು ಚಾಚಿಕೊಂಡೇ ನಿಂತಿದ್ದ.