ಗಾಳಿಯಲ್ಲಿ ಎತ್ತಿದ ಆಂಟೆನಾ

ಪಂದ್ಯ ಇದ್ದದ್ದು ಮಧ್ಯಾಹ್ನ ಎರಡು ಗಂಟೆಗೆ. ಆರ್ಡಿಸ್ ಬೆಳಿಗ್ಗೆ ಎಂಟಕ್ಕೇ ಮನೆಗಾಡಿಯ ಒಳಗೆ, ಚಾವಣಿಯಿಂದ ಇಳಿಬಿದ್ದಿದ್ದ ಆಂಟೆನಾದ ಹಿಡಿಗೆ ಕೈ ಹಾಕಿದ್ದಳು.

“ಮುಟ್ಬೇಡ ಅದನ್ನ,” ಎಂದ ಅವಳ ಗಂಡ ವರ್ಲಿನ್, ಕಾಫಿ ಲೋಟದಿಂದ ಮುಖ ಎತ್ತದೆ. “ಗಾಳಿ ಸದ್ದು ಕೇಳ್ತಿಲ್ವಾ ನಿಂಗೆ? ಎತ್ತಿದ ಗಳಿಗೇಲೇ ಮುರ್ಕೊಂಡು ಹೋಗುತ್ತೆ.”

“ಎರಡರಿಂದ ನಾಲ್ಕರವರೆಗೆ ನಿಂತಿದ್ರೆ ಸಾಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಹಾರ್ಕೊಂಡು ಹೋಗ್ಲಿ.”

ಚಳಿಗಾಲದ ನಾಲ್ಕು ತಿಂಗಳು ವರ್ಲಿನ್‌ನ ಶ್ವಾಸಕೋಶಕ್ಕೆ ಅಯೋವಾದ ಹವೆ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಪಿಕಪ್ಪಿನ ಹಿಂದೆ ಮನೆಗಾಡಿ ಕಟ್ಟಿಕೊಂಡು ಇಬ್ಬರೂ ಟೆಕ್ಸಾಸಿಗೆ ಹೋಗಿ, ಮಾರ್ಚಿನಲ್ಲಿ ಮರಳುತ್ತಿದ್ದರು. ಅಲ್ಲಿ ಕಿತ್ತಳೆ ಹಣ್ಣು, ಬಿಸಿಲು, ಇಸ್ಪೀಟು ಎಲ್ಲ ಇತ್ತು. ಮೊಮ್ಮಗಳು ಮಾರೆನ್‌ಳ ಬ್ಯಾಸ್ಕೆಟ್‌ಬಾಲ್ ಮಾತ್ರ ಇರಲಿಲ್ಲ. ಹುಡುಗಿ ಮೂರು ವರ್ಷದಿಂದ ಶಾಲೆಯ ತಂಡದಲ್ಲಿ ಆಡುತ್ತಿದ್ದಳು. ಅಜ್ಜಿ ಒಂದೇ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಈ ಸಲ ತಂಡ ರಾಜ್ಯದ ಫೈನಲ್‌ಗೆ ಬಂದಿತ್ತು, ಡೆಮೊಯಿನ್ ನಗರದಲ್ಲಿ. “ಈ ಸಲ ಬಂದೇ ಬರ್ತೀನಿ ಕಣೇ,” ಎಂದು ಆರ್ಡಿಸ್ ಮಾತು ಕೊಟ್ಟಿದ್ದಳು. ವಾರ ಮುಂಚೆಯೇ ಟೆಕ್ಸಾಸು ಬಿಟ್ಟದ್ದೂ ಆಗಿತ್ತು.

ಶುಕ್ರವಾರ ಸಂಜೆ ಅಯೋವಾದೊಳಕ್ಕೆ ಕಾಲಿಟ್ಟು ಒಂದು ಗಂಟೆಯಾಗಿರಲಿಲ್ಲ. ವಾಯವ್ಯದಿಂದ ಗಾಳಿ ಎದ್ದು, ನೆಲದ ಮೇಲಿದ್ದ ಹಿಮವನ್ನೆಲ್ಲ ಬಾಚಿ ಬಾಚಿ ಮೇಲಕ್ಕೆ ತೂರಿತು. ಎದುರಿನ ಗಾಡಿಯ ದೀಪ ಕಾಣದು. ಹೆದ್ದಾರಿಗೆ ಗೇಟು ಹಾಕಿದರು. ದಾರಿ ಬದಿಯ ಗುಡ್ಡಗಳ ನಡುವೆ ಒಂದು ಉದ್ಯಾನ, ಅದರಲ್ಲಿ ಮನೆಗಾಡಿಗಳಿಗೆ ಕರೆಂಟಿನ ವ್ಯವಸ್ಥೆ. ಅಷ್ಟು ಸಿಕ್ಕಿದ್ದೇ ಪುಣ್ಯ. ಆ ತಗ್ಗಿನಲ್ಲಿ ಫೋನಿನಿಂದ ಎರಡು ಮಾತು ಆಡಬಹುದಿತ್ತು, ಚಿತ್ರ ಬರುತ್ತಿರಲಿಲ್ಲ.

ರಾತ್ರಿ ಫೋನಿನಲ್ಲಿ ವಿಷಯ ತಿಳಿಸಿದಾಗ ಮಾರೆನ್ ಅತ್ತಿರಲಿಲ್ಲ. “ಪರ್ವಾಗಿಲ್ಲ ಅಜ್ಜಿ, ಟಿವೀಲಿ ಬರುತ್ತೆ, ರಾಜ್ಯದ ಚಾನೆಲ್‌ನಲ್ಲಿ. ನೀನು ನೋಡ್ತಿದ್ದೀಯ ಅಂತ ಗೊತ್ತಿದ್ರೆ ಸಾಕು ನಂಗೆ. ನೋಡ್ತೀಯ ತಾನೆ?”

“ನೋಡ್ತೀನಿ,” ಎಂದಿದ್ದಳು ಆರ್ಡಿಸ್. ಒಂದು ಮಾತು ಆಗಲೇ ತಪ್ಪಿದೆ. ಇನ್ನೊಂದು ತಪ್ಪುವ ಹಾಗಿರಲಿಲ್ಲ.

ಹತ್ತು ಗಂಟೆಗೆ ವರ್ಲಿನ್‌ನ ಕಣ್ಣು ತಪ್ಪಿಸಿ ಅವಳು ಹಿಡಿ ತಿರುವಿಯೇ ಬಿಟ್ಟಳು. ಮಾಡಿನ ಮೇಲೆ ಮಲಗಿದ್ದ ಆಂಟೆನಾ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಎದ್ದು ನಿಂತಿತು. ಡೆಮೊಯಿನ್ ಇರುವುದು ಈಶಾನ್ಯಕ್ಕೆ. ಆಂಟೆನಾ ಯಾವ ಕಡೆಗಿದೆಯೆಂದು ತೋರಿಸಲು ಚಾವಣಿಯ ಬಿಲ್ಲೆಯ ಮೇಲಿದ್ದ ಬಾಣದ ಗುರುತನ್ನು ಆ ದಿಕ್ಕಿಗೆ ತಂದಳು. ಗಾಳಿ ಒಂದು ಸಲ ಬಡಿಯಿತು. ಇಡೀ ಮಾಡು ದಡದಡ ಎಂದಿತು. ಹಿಡಿ ಅವಳ ಕೈಯಿಂದ ಜಾರಿ ಗಿರ್ರನೆ ಅರ್ಧ ಸುತ್ತು ತಿರುಗಿತು.

ಬಚ್ಚಲಿನಿಂದ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದ ವರ್ಲಿನ್ ಆಂಟೆನಾ ಇಳಿಸಿದ. ಬೈಯಲಿಲ್ಲ. ಅವಳ ಮುಖ ನೋಡಿ, ಕುರ್ಚಿ ಎಳೆದು ಕೂರಿಸಿ, “ಗಾಳಿ ಸ್ವಲ್ಪ ತಗ್ಗಲಿ,” ಎಂದಷ್ಟೇ ಹೇಳಿದ.

ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದಲ್ಲಿ ನಿಂತಿದ್ದ ಬಸ್ಸಿನಷ್ಟು ದೊಡ್ಡ ಮನೆಗಾಡಿಯ ಯಜಮಾನ, ಎಲೋಯ್ ಬಾಕಾ. ನ್ಯೂ ಮೆಕ್ಸಿಕೋದವನು, ಹಿಂದಿನ ಸಂಜೆ ಕರೆಂಟಿನ ವೈರು ಜೋಡಿಸಲು ಟಾರ್ಚು ಹಿಡಿದಿದ್ದ. ಈಗ ಕೈಯಲ್ಲಿ ಮುಚ್ಚಿದ ಪಾತ್ರೆ.

“ಹಸಿರು ಮೆಣಸಿನಕಾಯಿ ಸಾರು. ನನ್ನ ಹೆಂಡ್ತಿ ಕಳಿಸಿದ್ಳು. ಖಾರ ಇದೆ, ಅಯೋವಾದೋರು ಹುಷಾರಾಗಿ ತಿನ್ಬೇಕಂತೆ,” ಎಂದು ನಕ್ಕ. “ಮೇಡಂ, ನಿಮ್ಮ ಮಾಡಿನ ಮೇಲೆ ಏನೋ ಹದ್ದು ಒದ್ದಾಡ್ತಿತ್ತಲ್ಲ, ಏನದು?”

ಆರ್ಡಿಸ್ ವಿಷಯ ಹೇಳಿದಳು.

“ಇಷ್ಟೇನಾ? ನಮ್ಮಲ್ಲಿಗೆ ಬನ್ನಿ. ಡಿಶ್ ಇದೆ, ನಾನೂರು ಚಾನೆಲ್ ಬರುತ್ತೆ.”

“ಆ ನಾನೂರರಲ್ಲಿ ಅಯೋವಾದ ಹುಡುಗೀರು ಆಡೋದು ಎಷ್ಟರಲ್ಲಿ ಬರುತ್ತೆ?” ಎಂದ ವರ್ಲಿನ್.

ಎಲೋಯ್ ತಲೆ ಕೆರೆದುಕೊಂಡ. “ಅದು ನಿಜ. ನಂಗೆ ಬರೋದು ನಮ್ಮೂರ ಸುದ್ದಿ ಮಾತ್ರ. ಇಲ್ಲಿ ಹಿಮ ಬೀಳ್ತಿರುತ್ತೆ, ನಾನು ನಮ್ಮೂರ ಬಿಸಿಲು ನೋಡ್ತಾ ಕೂತಿರ್ತೀನಿ.”

“ನಿಮ್ಮ ಆಂಟೆನಾ?”

“ಇಳಿಸೋದು ಮರ್ತು ಗಾಡಿ ಓಡಿಸ್ದೆ. ಪೆಟ್ರೋಲ್ ಬಂಕಿನ ಚಪ್ಪರಕ್ಕೇ ಬಿಟ್ಟು ಬಂದೆ. ನನ್ನ ಹೆಂಡ್ತಿ ಈಗ್ಲೂ ದಿನಕ್ಕೆರಡು ಸಲ ಅದನ್ನ ನೆನಪಿಸ್ತಾಳೆ, ಮಾತ್ರೆ ತಗೋ ಅನ್ನೋ ಹಾಗೆ.” ಅವನು ಕಿಟಕಿಯಿಂದ ಹೊರಗೆ ನೋಡಿದ. ಗಾಳಿ ಬರುವ ಕಡೆ, ಇವರ ಗಾಡಿಯ ಪಕ್ಕಕ್ಕೇ ಖಾಲಿ ಜಾಗವಿತ್ತು. “ನನ್ನ ಗಾಡಿ ನಿಮ್ಮದಕ್ಕಿಂತ ಎರಡು ಮೊಳ ಎತ್ತರ. ತಂದು ಆ ಕಡೆ ಅಡ್ಡ ನಿಲ್ಲಿಸಿದ್ರೆ ಗಾಳಿ ಅರ್ಧ ತಡೆಯುತ್ತೆ.”

“ಬೇಡಪ್ಪ ಬೇಡ,” ಎಂದ ವರ್ಲಿನ್ ಗಾಬರಿಯಾಗಿ.

ಒಮ್ಮೆ ನೆಲೆ ನಿಂತ ಮನೆಗಾಡಿಯನ್ನು ಕದಲಿಸುವುದೆಂದರೆ ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಹೊರಚಾಚಿದ ಕೋಣೆಗಳನ್ನು ಒಳಗೆಳೆಯಬೇಕು, ನೆಲಕ್ಕೆ ಊರಿದ ಕಾಲುಗಳನ್ನು ಎತ್ತಬೇಕು, ವೈರು ಬಿಚ್ಚಬೇಕು, ಒಲೆಯ ಮೇಲಿರುವುದನ್ನೆಲ್ಲ ಕೆಳಗಿಡಬೇಕು, ಮತ್ತೆ ಎಲ್ಲವನ್ನೂ ಹೊಸದಾಗಿ ಹೂಡಬೇಕು. ಬಿಸಿಲಿನಲ್ಲೇ ಯಾರೂ ಮಾಡದ ಕೆಲಸ. ಚಕ್ರಗಳು ಬೇರೆ ಹಿಮದಲ್ಲಿ ಹೂತಿದ್ದವು.

“ನಂಗೂ ಮೊಮ್ಮಗಳಿದ್ದಾಳೆ,” ಎಂದ ಎಲೋಯ್. “ಸಲಿಕೆ ಎಲ್ಲಿದೆ ಹೇಳಿ.”

ಹಿಮ ತೆಗೆಯುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ವರ್ಲಿನ್ ಹೊರಗೆ ಹೋಗಕೂಡದೆಂದು ಎಲೋಯ್ ಅವನಿಗೆ ಕಿಟಕಿಯಿಂದ ದಾರಿ ತೋರಿಸುವ ಕೆಲಸ ಕೊಟ್ಟ. ಎಡಕ್ಕೆ, ಬಲಕ್ಕೆ ಎಂದು ಅವನು ಕೈ ಬೀಸುತ್ತಿದ್ದರೆ ಎಲೋಯ್ ಒಮ್ಮೆಯೂ ಆ ಕಡೆ ನೋಡುತ್ತಿರಲಿಲ್ಲ. ಆದರೆ ಪ್ರತಿ ಸಲ ನಿಲ್ಲಿಸಿದಾಗಲೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಆರ್ಡಿಸ್‌ಗೆ ಅದು ಕಂಡಿತು; ವರ್ಲಿನ್‌ಗೆ ಹೇಳಲಿಲ್ಲ.

ದೊಡ್ಡ ಗಾಡಿ ಬಂದು ಅಡ್ಡ ನಿಂತಾಗ ಒಂದೂವರೆಯಾಗಿತ್ತು. ಮಾಡಿನ ದಡದಡ ನಿಂತಿತು. ಆಂಟೆನಾ ಮತ್ತೆ ಎದ್ದಿತು. ಈ ಸಲ ತೂಗಾಡಿತೇ ಹೊರತು ಹೊಡೆದುಕೊಳ್ಳಲಿಲ್ಲ. ವರ್ಲಿನ್ ಇಕ್ಕಟ್ಟಾದ ಹಜಾರದಲ್ಲಿ ಹಿಡಿಯ ಕೆಳಗೆ, ಆರ್ಡಿಸ್ ಗೋಡೆಯಾಚೆ ಟಿವಿಯ ಮುಂದೆ. ಹಿಡಿ ಹಿಡಿದವರಿಗೆ ಟಿವಿ ಕಾಣುತ್ತಿರಲಿಲ್ಲ, ಟಿವಿ ನೋಡುವವರ ಕೈಗೆ ಹಿಡಿ ಸಿಗುತ್ತಿರಲಿಲ್ಲ. ಮನೆಗಾಡಿ ಕಟ್ಟಿದವನು ಗಂಡಹೆಂಡಿರ ಪರೀಕ್ಷೆಗೆಂದೇ ಹಾಗೆ ಇಟ್ಟಿರಬೇಕು.

“ಬಂತಾ?”

“ಇಲ್ಲ.”

“ಈಗ?”

“ಬಂದ್ರೆ ಹೇಳಲ್ವಾ ನಾನು?”

ಎರಡಾಯಿತು. ಡೆಮೊಯಿನ್‌ನಲ್ಲಿ ಚೆಂಡು ಮೇಲಕ್ಕೆ ಎಸೆದಿರುತ್ತಾರೆ ಎಂದು ಆರ್ಡಿಸ್ ಮನಸ್ಸಿನಲ್ಲೇ ಅಂದುಕೊಂಡಳು. ಹೊರಗೆ ಟ್ರ್ಯಾಕ್ಟರಿನ ಸದ್ದು ಬಂತು. ಉದ್ಯಾನ ನೋಡಿಕೊಳ್ಳುವ ನಡೀನ್, ದಾರಿಯ ಹಿಮ ತಳ್ಳುತ್ತಾ ಬಂದವಳು, ಜಾಗ ಬದಲಿಸಿ ಅಡ್ಡ ನಿಂತ ದೊಡ್ಡ ಗಾಡಿಯನ್ನು ಕಂಡು ಇಳಿದು ಬಂದಳು. ಆ ಜಾಗದಲ್ಲಿ ನಿಲ್ಲಿಸಲು ಅನುಮತಿಯಿರಲಿಲ್ಲ. ಕಾರಣ ಕೇಳಿದ ಮೇಲೆ ಅನುಮತಿಯ ಮಾತೇ ಎತ್ತಲಿಲ್ಲ. ತಲೆಯೆತ್ತಿ ಆಂಟೆನಾ ನೋಡಿದಳು.

“ಅದ್ಯಾಕೆ ಆ ಕಡೆ ತಿರುಗ್ಸಿದ್ದೀರಿ?”

“ಪಂದ್ಯ ಆ ಕಡೆ ತಾನೆ ನಡೀತಿರೋದು!” ಎಂದ ವರ್ಲಿನ್.

ನಡೀನ್ ಬಾಗಿಲಿಗೆ ಒರಗಿ ನಕ್ಕಳು. “ಅಯ್ಯೋ ದೇವರೇ. ಹುಡುಗೀರು ಅಲ್ಲಿ ಓಡಿದ್ರೆ ಚಿತ್ರ ಅಲ್ಲಿಂದಲೇ ಓಡಿ ಬರ್ಬೇಕಾ? ಅಷ್ಟು ದೂರದಿಂದ ಬಂದ್ರೆ ಅದಕ್ಕೂ ಗೇಟು ಹಾಕಿರ್ತಾರೆ. ರಾಜ್ಯದ ಚಾನೆಲ್‌ದು ಇಲ್ಲೇ ಒಂದು ಟವರ್ ಇದೆ, ದಕ್ಷಿಣಕ್ಕೆ. ಆ ಪೈನ್ ಮರಗಳಿವೆಯಲ್ಲ, ಅವುಗಳ ಎಡಗಡೆ ರಾತ್ರಿ ಕೆಂಪು ದೀಪ ಕಾಣುತ್ತೆ ನಂಗೆ.”

ಒಂದೂವರೆ ಗಂಟೆ ಹಿಮ ತೆಗೆದ ಎಲೋಯ್ ಮೆಟ್ಟಿಲ ಮೇಲೆ ಕೂತು ಜೋರಾಗಿ ನಗತೊಡಗಿದ. ವರ್ಲಿನ್‌ನ ಕಿವಿ ಕೆಂಪಾಯಿತು. ಆರ್ಡಿಸ್ ನಗಲಿಲ್ಲ. “ತಿರುಗ್ಸು,” ಎಂದಳು.

ವರ್ಲಿನ್ ದಕ್ಷಿಣಕ್ಕೆ ತಿರುಗಿಸಿದ. ಎಷ್ಟೋ ವರ್ಷ ಹಳೆಯ ಟಿವಿಯ ಆಂಟೆನಾ ತಿರುಗಿಸಿದ ಕೈ ಅದು: ಒಂದೇ ಸಮನೆ, ನಿಧಾನವಾಗಿ, ಪರದೆಯ ಚುಕ್ಕಿ ಕಡಿಮೆಯಾಗುವವರೆಗೆ. ಆದರೆ ಈ ಟಿವಿಯಲ್ಲಿ ಚುಕ್ಕಿಯೇ ಇಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಕಪ್ಪು. ಸಿಗ್ನಲ್ ಎಷ್ಟಿದೆಯೆಂದು ತೋರುವ ಒಂದು ಪಟ್ಟಿಯಿತ್ತು, ಅದು ಸೊನ್ನೆಯಲ್ಲಿತ್ತು. ವರ್ಲಿನ್ ಪೈನ್ ಮರ ದಾಟಿ, ಇನ್ನೂ ಆಚೆಗೆ ಹೋಗಿ, ಮತ್ತೆ ಹಿಂದಕ್ಕೆ ಬಂದ.

“ಏನೂ ಇಲ್ಲ ಆ ಕಡೆ,” ಎಂದ.

ಆಗ ಪಟ್ಟಿ ಒಮ್ಮೆ ಮೇಲೆದ್ದು ಬಿತ್ತು. ಆರ್ಡಿಸ್ ಎದ್ದು ನಿಂತಳು. “ಎಲ್ಲಿದ್ದೆ ಈಗ?”

“ಎಲ್ಲೂ ಇಲ್ಲ, ದಾಟಿ ಬಂದೆ.”

“ಅದೇ ತಪ್ಪಾಗ್ತಿರೋದು! ನೀನು ದಾಟಿ ಹೋದ್ಮೇಲೆ ಇದಕ್ಕೆ ತಿಳೀತಿದೆ. ನನ್ನ ಹಾಗೇ ನಿಧಾನ ಇದು.” ಅವಳು ಹಜಾರಕ್ಕೆ ಬಂದಳು. “ಕೊಡು ಇಲ್ಲಿ. ನೀನು ಹೋಗಿ ಪಟ್ಟಿ ನೋಡು.”

ಆರ್ಡಿಸ್ ಹುಡುಗಿಯಾಗಿದ್ದಾಗ ಅಯೋವಾದ ಹೆಣ್ಣುಮಕ್ಕಳು ಆರಾರು ಜನರ ತಂಡದಲ್ಲಿ ಆಡುತ್ತಿದ್ದರು. ಮೂವರು ಬರೀ ತಡೆಯುವವರು, ಮೂವರು ಬರೀ ಬುಟ್ಟಿಗೆ ಹಾಕುವವರು, ನಡುಗೆರೆ ದಾಟುವಂತಿಲ್ಲ. ಚೆಂಡನ್ನು ಎರಡೇ ಸಲ ನೆಲಕ್ಕೆ ಬಡಿಯಬಹುದು, ಆಮೇಲೆ ನಿಲ್ಲಲೇಬೇಕು. ತಡೆಯುವವಳಾಗಿದ್ದ ಆರ್ಡಿಸ್ ನಾಲ್ಕು ವರ್ಷದಲ್ಲಿ ಒಂದು ಅಂಕವನ್ನೂ ಗಳಿಸಿದವಳಲ್ಲ. ಆದರೆ ಎರಡು ಬಡಿತ, ನಿಲ್ಲು, ನೋಡು ಎನ್ನುವುದು ಅವಳ ಮೈಗೇ ಗೊತ್ತಿತ್ತು.

ಬಾಣವನ್ನು ಎರಡು ಬೆರಳಗಲ ಸರಿಸಿ ನಿಂತಳು. ಹತ್ತು ಎಣಿಸಿದಳು.

“ಸೊನ್ನೆ,” ಎಂದ ವರ್ಲಿನ್.

ಮತ್ತೆ ಎರಡು ಬೆರಳು. ಹತ್ತು ಎಣಿಕೆ.

“ಸೊನ್ನೆ... ತಾಳು. ತಾಳು ತಾಳು. ಇಪ್ಪತ್ತು. ನಲವತ್ತು! ಆರ್ಡಿಸ್, ಅಲ್ಲಾಡ್ಬೇಡ!”

“ಚಾನೆಲ್ ಹೊಸದಾಗಿ ಹುಡುಕ್ಸು. ಇದಿನ್ನೂ ಟೆಕ್ಸಾಸಿನದ್ದನ್ನೇ ಇಟ್ಕೊಂಡು ಕೂತಿದೆ.”

ಟಿವಿ ಹುಡುಕತೊಡಗಿತು. ನೂರಕ್ಕೆ ಇಪ್ಪತ್ತು ಮುಗಿದಿದೆ, ಸಿಕ್ಕಿದ್ದು ಸೊನ್ನೆ. ನೂರಕ್ಕೆ ಐವತ್ತು, ಸಿಕ್ಕಿದ್ದು ಸೊನ್ನೆ. ನಡೀನ್ ಕೈಗವಸು ಕಚ್ಚಿಕೊಂಡು ನಿಂತಿದ್ದಳು. ಎಪ್ಪತ್ತರಲ್ಲಿ ಸೊನ್ನೆ ಇದ್ದಕ್ಕಿದ್ದಂತೆ ನಾಲ್ಕಾಯಿತು.

ಮತ್ತೆ ಕಪ್ಪು ಪರದೆ. ಆಮೇಲೆ ದೊಡ್ಡ ಗದ್ದಲ, ಸೀಟಿ, ಹೊಳೆಯುವ ಮರದ ನೆಲ. ನೀಲಿ ಅಂಗಿಯ ಹುಡುಗಿಯರು ಎಡದಿಂದ ಬಲಕ್ಕೆ ಓಡಿದರು.

“ಬಂತು! ಬಂತು!” ಎಲೋಯ್ ಮೆಟ್ಟಿಲ ಮೇಲಿಂದ ಎದ್ದ ರಭಸಕ್ಕೆ ತಲೆ ಬಾಗಿಲಿಗೆ ಬಡಿಯಿತು. ನಡೀನ್ ವರ್ಲಿನ್‌ನನ್ನು ತಬ್ಬಿಕೊಂಡಳು. ಅವರಿಗೆ ಪರಿಚಯವಾಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಆರ್ಡಿಸ್ ಹಿಡಿ ಬಿಟ್ಟು ಓಡಿ ಬಂದಳು. ಗಾಳಿ ಒಮ್ಮೆ ಬೀಸಿತು. ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ವರ್ಲಿನ್ ಎದ್ದು ಹೋಗಿ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತ. ಚಿತ್ರ ಕೂಡಿಕೊಂಡಿತು.

“ಕೂತ್ಕೊ ನೀನು,” ಎಂದ.

“ನಾನು ಹಿಡೀತೀನಿ ಬಿಡಿ,” ಎಂದ ಎಲೋಯ್.

“ನೀವು ಹಿಮ ತೆಗೆದಿದ್ದೀರಿ. ಇದು ನನ್ನ ಪಾಲು.”

ತಂಡ ಏಳು ಅಂಕ ಹಿಂದಿತ್ತು. ಹದಿನಾಲ್ಕನೇ ನಂಬರಿನ ಅಂಗಿ ತೊಟ್ಟು, ಕೂದಲು ಬಿಗಿದು ಕಟ್ಟಿ, ಮಾರೆನ್ ಎದುರಾಳಿಯ ಮುಂದೆ ಎರಡು ಕೈ ಚಾಚಿ ಮೊಣಕಾಲು ಬಾಗಿಸಿ ನಿಂತಿದ್ದಳು. ಆರ್ಡಿಸ್ ಬಾಯಿಗೆ ಕೈ ಇಟ್ಟುಕೊಂಡಳು. ಹುಡುಗಿ ಎಷ್ಟು ಎತ್ತರವಾಗಿದ್ದಾಳೆ!

“ಏನಾಗ್ತಿದೆ? ಹೇಳ್ರೋ ಯಾರಾದ್ರೂ!” ಹಜಾರದಿಂದ ವರ್ಲಿನ್‌ನ ದನಿ.

“ತಡೀತಿದ್ದಾಳೆ ಕಣೋ. ಬಿಡ್ತಿಲ್ಲ. ಅಯ್ಯೋ, ಕಿತ್ಕೊಂಡ್ಳು! ಚೆಂಡು ಕಿತ್ಕೊಂಡ್ಳು! ಓಡ್ತಿದ್ದಾಳೆ, ಗೆರೆ ದಾಟಿದ್ಳು, ಒಬ್ಬಳೇ... ಹಾಕಿದ್ಳು!”

ಆಮೇಲಿನ ಒಂದು ಗಂಟೆ ಆರ್ಡಿಸ್ ಬಾಯಿ ಮುಚ್ಚಲಿಲ್ಲ. ಗಂಟಲು ಕಟ್ಟುವವರೆಗೆ ಆಟ ಒಪ್ಪಿಸಿದಳು; ಕೊನೆಯ ಕಾಲುಭಾಗದಲ್ಲಿ ನಡೀನ್ ದನಿಗೂಡಿಸಿದಳು. ವರ್ಲಿನ್ ಬಲಗೈ ಸೋತರೆ ಎಡಗೈ ಹಾಕುತ್ತಿದ್ದ. ನಡುವೆ ಎಲೋಯ್ ಸದ್ದಿಲ್ಲದೆ ಹೋಗಿ ಅವನ ಕಾಲ ಕೆಳಗೆ ಗಟ್ಟಿ ಡಬ್ಬವೊಂದನ್ನು ಇಟ್ಟು, ಎತ್ತರ ಮಾಡಿ, ಕೈಗೆ ಬಿಡುವು ಮಾಡಿಕೊಟ್ಟು ಬಂದ.

ಮೂರು ಸೆಕೆಂಡು ಉಳಿದಾಗ ತಂಡ ಒಂದು ಅಂಕ ಮುಂದಿತ್ತು. ಎದುರಾಳಿ ಹುಡುಗಿ ಬುಟ್ಟಿಗೆ ಗುರಿಯಿಟ್ಟಳು. ಮಾರೆನ್ ಹಾರಿದಳು. ಚೆಂಡು ಅವಳ ಬೆರಳಿಗೆ ತಗುಲಿ ಆಚೆ ಹೋಯಿತು, ಆಟ ಮುಗಿದ ಗಂಟೆ ಮೊಳಗಿತು.

“ಗೆದ್ರು!” ಆರ್ಡಿಸ್ ಕೂಗಿದಳು. “ಗೆದ್ರು ವರ್ಲಿನ್, ಅವಳೇ ತಡೆದದ್ದು!”

“ಇನ್ನು ಬಿಡ್ಲಾ ಕೈ?”

“ಬಿಡ್ಬೇಡ!” ಎಂದರು ಮೂವರೂ ಒಟ್ಟಿಗೆ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಪದಕ ಕೊಡುವುದಕ್ಕೆ ಸಾಲು ನಿಲ್ಲಿಸುವುದು ಕಂಡಿತು. ಆರ್ಡಿಸ್ ಕಣ್ಣೊರೆಸಿಕೊಂಡು ಎದ್ದು ಹಜಾರಕ್ಕೆ ಬಂದಳು. ವರ್ಲಿನ್ ಇನ್ನೂ ತಲೆಯೆತ್ತಿ ನಿಂತಿದ್ದ. ಒಂದು ಗಂಟೆಯಿಂದ ಅವನು ಕಂಡದ್ದು ಚಾವಣಿಯನ್ನು ಮಾತ್ರ.

ಅವನ ಕೈಯ ಮೇಲೆ ಕೈಯಿಟ್ಟು ಹಿಡಿಯನ್ನು ತನ್ನ ಬೆರಳುಗಳಿಗೆ ತೆಗೆದುಕೊಂಡಳು. “ಹೋಗು. ನಾನು ಸಾಕಾಗುವಷ್ಟು ನೋಡ್ದೆ. ಈಗ ಅವಳ ಮುಖ ತೋರಿಸ್ತಾರೆ, ನೀನು ನೋಡು.”

“ನಿಂಗೆ?”

“ನೀನು ಹೇಳು. ಒಂದು ಗಂಟೆ ನಾನು ಅರಚಿದ್ದೀನಿ, ಈಗ ನಿನ್ನ ಸರದಿ.”

ವರ್ಲಿನ್ ಹೋದ. ಆರ್ಡಿಸ್ ಚಾವಣಿ ನೋಡುತ್ತಾ ನಿಂತಳು. ಮೇಲೆ ಗಾಳಿ ಬೀಸಿತು. ಹಿಡಿ ಅವಳ ಅಂಗೈಯಲ್ಲಿ ಕದಲಲಿಲ್ಲ.

“ಬಂದ್ಳು!” ವರ್ಲಿನ್‌ನ ದನಿ ಒಡೆದು ಬಂತು. “ಪದಕ ಹಾಕ್ತಿದ್ದಾರೆ. ಅಳ್ತಿದ್ದಾಳೆ ಕಣೇ, ನಗ್ತಾನೂ ಇದ್ದಾಳೆ. ಮೊಣಕೈ ತರಚಿದೆ. ಆರ್ಡಿಸ್, ನೇರ ಇಲ್ಲಿಗೇ ನೋಡ್ತಿದ್ದಾಳೆ, ಕೈ ಬೀಸ್ತಿದ್ದಾಳೆ!”

ಆರ್ಡಿಸ್ ಒಂದು ಕೈಯಲ್ಲಿ ಹಿಡಿಯನ್ನು ಬಿಗಿ ಹಿಡಿದು, ಇನ್ನೊಂದು ಕೈಯನ್ನು ಮೇಲೆತ್ತಿ, ಹಜಾರದ ಗೋಡೆಯ ಕಡೆಗೇ ಬೀಸಿದಳು.